1080ಪಿ ವಿಡಿಯೋ ನಿಂತು ನಿಂತು ಓಡುತ್ತಿತ್ತು, ಸರಿಯಾಗಿದ್ದು ಹೀಗೆ

2012ರ ಅಗ್ಗದ ಲ್ಯಾಪ್‌ಟಾಪ್, ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್. ಉಡುಪಿ ರಥಬೀದಿಯಲ್ಲಿ ಮೊಬೈಲಿನಲ್ಲಿ ತೆಗೆದ ಯಕ್ಷಗಾನ ಹಾಕಿದರೆ ಚೆಂಡೆ ಪೆಟ್ಟು ಮೊದಲು, ವೇಷದ ಹೆಜ್ಜೆ ಆಮೇಲೆ. ಸಿಪಿಯು 100%. ಡ್ರೈವರ್ ಅಪ್‌ಡೇಟ್ ಮಾಡಿದೆ, ರ‍್ಯಾಮ್ 8 ಜಿಬಿ ಮಾಡಿಸಿದೆ (ಸುಮ್ನೆ ದುಡ್ಡು ದಂಡ), ಪ್ಲೇಯರ್ ಬದಲಿಸಿದೆ. ಏನೂ ಆಗಲಿಲ್ಲ.

ವಿಎಲ್‌ಸಿ ಪ್ಲೇಯರಿನ ಟೂಲ್ಸ್ > ಕೋಡೆಕ್ ಇನ್ಫರ್ಮೇಶನ್‌ನಲ್ಲಿ ನೋಡಿದರೆ ಫೈಲು ಎಚ್.265 (ವಿಡಿಯೋ ಕುಗ್ಗಿಸಿಡುವ ಹೊಸ ವಿಧಾನ, ಎಚ್.264 ಅದಕ್ಕಿಂತ ಹಳೆಯದು). ಈ ಗ್ರಾಫಿಕ್ಸ್ ಚಿಪ್ಪಿಗೆ ಎಚ್.264 ಸಲೀಸು, 265 ಬರೋದೇ ಇಲ್ಲ, ಹಾಗಾಗಿ ಹೊರೆಯೆಲ್ಲ ಸಿಪಿಯು ಮೇಲೆ. ವಿಡಿಯೋ ಬೇರೆ ವಿಧಾನಕ್ಕೆ ಬದಲಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಫೈಲು ತೆರೆದು ಪ್ರಿಸೆಟ್ ‘ಫಾಸ್ಟ್ 1080ಪಿ30’, ವಿಡಿಯೋ ಟ್ಯಾಬ್‌ನಲ್ಲಿ ಎನ್‌ಕೋಡರ್ ಎಚ್.264, ಕ್ವಾಲಿಟಿ ಆರ್‌ಎಫ್ 22 ಇಡಿ. ಜಾಸ್ತಿ ಹೊತ್ತು ಬೇಕು, ರಾತ್ರಿ ಹಾಕಿ ಮಲಗಿ. ಆಮೇಲೆ ವಿಎಲ್‌ಸಿ ಪ್ರಿಫರೆನ್ಸಸ್ > ಇನ್‌ಪುಟ್/ಕೋಡೆಕ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ವಿಡಿಯೋ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ಕೊಡೋದು) ಎಂಬಲ್ಲಿ ಡಿಎಕ್ಸ್‌ವಿಎ 2.0 ಆರಿಸಿ, ಸೇವ್ ಮಾಡಿ, ಮುಚ್ಚಿ ತೆರೆಯಿರಿ. ಈಗ ಸಿಪಿಯು 20% ದಾಟೋದಿಲ್ಲ, ಚೆಂಡೆಗೆ ಸರಿಯಾಗಿ ಹೆಜ್ಜೆ ಬೀಳುತ್ತದೆ.