ಮುಂಗಾರಿನ ಮುನ್ಸೂಚನೆಯನ್ನು ನಿಮ್ಮ ಹೊಲಕ್ಕೆ ಇಳಿಸಿಕೊಳ್ಳೋದು ಹೇಗೆ?

ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ‘ಈ ಸಲ ವಾಡಿಕೆ ಮಳೆ’ ಅಂದ ತಕ್ಷಣ ಬೀಜದಂಗಡಿಗೆ ಓಡುವವರಿದ್ದಾರೆ. ಸ್ವಲ್ಪ ತಾಳಿ. ಅದು ಇಡೀ ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಒಟ್ಟು ಮಳೆಯ ಮಾತು. ಸರಾಸರಿ 87 ಸೆಂ.ಮೀ., ಅದರಲ್ಲಿ ಶೇ 96ರಿಂದ 104ರಷ್ಟು ಬಂದರೆ ವಾಡಿಕೆ. 2023ರಲ್ಲಿ ಹೇಳಿದ್ದು ಶೇ 96, ಬಿದ್ದದ್ದು ಶೇ 94. ಲೆಕ್ಕ ಹೆಚ್ಚೇನೂ ತಪ್ಪಲಿಲ್ಲ, ಆದರೆ ಆಗಸ್ಟ್ ಕೈಕೊಟ್ಟು ಕರ್ನಾಟಕದ ಇನ್ನೂರಕ್ಕೂ ಜಾಸ್ತಿ ತಾಲ್ಲೂಕುಗಳು ಬರಪಟ್ಟಿಗೆ ಸೇರಿದವು.

ಹಾಗಾಗಿ ಮೇ ಕೊನೆಯ ಪರಿಷ್ಕೃತ ಮುನ್ಸೂಚನೆಗೆ ಕಾಯಿರಿ, ಅದರ ನಕಾಶೆಯಲ್ಲಿ ನಿಮ್ಮ ಭಾಗ ಹುಡುಕಿ. ಕಡಿಮೆ, ವಾಡಿಕೆ, ಹೆಚ್ಚು ಅಂತ ಮೂರು ಪಾಲು ಇರುತ್ತದೆ. ಏನೂ ಸುಳಿವಿಲ್ಲದಿದ್ದರೆ ಒಂದೊಂದಕ್ಕೂ ಶೇ 33 ಸಾಧ್ಯತೆ. ‘ಕಡಿಮೆ’ಗೆ 50 ಇದ್ದರೆ ತಕ್ಕಡಿ ಆ ಕಡೆ ವಾಲಿದೆ, ಅಷ್ಟೇ. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಸೊರಗಿಸಬಲ್ಲ ಎಲ್‌ ನಿನೋ ಹೆಸರು ಕೇಳಿದರೂ ಗಾಬರಿ ಬೇಡ, 1997ರಲ್ಲಿ ಅದು ಜೋರಾಗಿದ್ದರೂ ದೇಶಕ್ಕೆ ವಾಡಿಕೆ ಮಳೆಯೇ ಆಯಿತು. ವಾಲಿದ್ದರೆ ಪೂರ್ತಿ ಹೊಲಕ್ಕೆ ನಾಲ್ಕು ತಿಂಗಳ ರಾಗಿ ಹಾಕಬೇಡಿ. ಅರ್ಧಕ್ಕೆ ಜಿಪಿಯು-48ನಂಥ ನೂರು ದಿನದ ತಳಿ ಇರಲಿ, ಹುರುಳಿ ಬೀಜ ಒಂದಿಷ್ಟು ಮನೆಯಲ್ಲಿರಲಿ.

ಬಿತ್ತಿದ ಮೇಲೆ ಗುರುವಾರದ ಮುನ್ಸೂಚನೆ ಹಿಡಿಯಿರಿ. ಇಲಾಖೆ ವಾರಕ್ಕೊಮ್ಮೆ ಮುಂದಿನ ನಾಲ್ಕು ವಾರದ ಅಂದಾಜು ಕೊಡುತ್ತದೆ. ಮೊದಲೆರಡು ವಾರಕ್ಕೆ ತೂಕ ಜಾಸ್ತಿ, ಆಮೇಲಿನದು ಬರೀ ದಿಕ್ಕು ತೋರಿಸುತ್ತದೆ. ಎರಡು ವಾರ ಅಂದರೆ ಹೆಚ್ಚುಕಡಿಮೆ ಒಂದು ಮಳೆ ನಕ್ಷತ್ರ. ಆರಿದ್ರಾ, ಪುನರ್ವಸು ಅಂತ ಅಜ್ಜ ಎಣಿಸುತ್ತಿದ್ದದ್ದೂ ಇದೇ ಅಳತೆ ಅಲ್ವಾ! ಎರಡೂ ವಾರ ಒಣ ಅಂತ ಕಂಡರೆ ಯೂರಿಯಾ ಕೊಡೋದನ್ನು ಮುಂದೂಡಿ, ಕಳೆ ತೆಗೆದು ಮಣ್ಣು ಸಡಿಲ ಮಾಡಿ, ಹೊಂಡದ ನೀರನ್ನು ತೆನೆ ಬರುವ ಹೊತ್ತಿಗೆ ಉಳಿಸಿ.

ಇಷ್ಟಾದರೂ ಕೆರೆಯ ಆ ದಂಡೆಗೆ ಮಳೆ, ಈ ದಂಡೆಗೆ ಬಿಸಿಲು ಇದ್ದದ್ದೇ. ಅದಕ್ಕೇ ಒಂದು ಪ್ಲಾಸ್ಟಿಕ್ ಮಳೆಮಾಪಕ ತಂದು, ಮರದ ನೆರಳಿಲ್ಲದ ಕಡೆ ನಿಲ್ಲಿಸಿ, ದಿನಾ ಬೆಳಿಗ್ಗೆ 8.30ಕ್ಕೆ ಓದಿ ಬರೆದಿಡಿ. ಪಕ್ಕದಲ್ಲೇ ಆ ವಾರ ಇಲಾಖೆ ಏನು ಹೇಳಿತ್ತು ಅಂತಲೂ ಬರೆಯಿರಿ. ನಾಲ್ಕೈದು ವರ್ಷ ಹೀಗೆ ಬರೆದರೆ ನಿಮ್ಮ ಕಡೆ ಯಾವ ತಿಂಗಳ ಮಾತು ನಿಜವಾಗುತ್ತದೆ, ಯಾವುದು ಹುಸಿ ಅಂತ ನಿಮ್ಮ ಪುಸ್ತಕವೇ ತೋರಿಸುತ್ತದೆ. ಹೊಂಡದ ಲೆಕ್ಕಕ್ಕೂ ಇದು ಬೇಕು: ಎಕರೆಗೆ ಒಂದು ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್, ಆದರೆ ಮಣ್ಣು ಕುಡಿದು ಮಿಕ್ಕಿದ್ದು ಮಾತ್ರ ಹೊಂಡಕ್ಕೆ.