ಮಿಡ್-ಡ್ರೈವ್ ಇ-ಸೈಕಲ್‌ನಲ್ಲಿ ಗೇರ್ ಬದಲಿಸುವುದು: ನಂದಿಬೆಟ್ಟದ ಏರಿನ ಲೆಕ್ಕದೊಂದಿಗೆ

ಇ-ಸೈಕಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಮೋಟಾರೇ ತಳ್ಳುವಾಗ ಗೇರ್ ಏಕೆ ಬೇಕು? ಹಿಂದಿನ ಚಕ್ರದ ಹಬ್‌ನೊಳಗೆ ಮೋಟಾರ್ ಇರುವ ಸೈಕಲ್ಲಿನ ಮಟ್ಟಿಗೆ ಈ ಪ್ರಶ್ನೆಯಲ್ಲಿ ಹುರುಳಿದೆ. ಅಲ್ಲಿ ಮೋಟಾರ್ ನೇರವಾಗಿ ಚಕ್ರವನ್ನೇ ತಿರುಗಿಸುವುದರಿಂದ, ನಾವು ಯಾವ ಗೇರಿನಲ್ಲಿದ್ದೇವೆ ಎಂಬುದು ನಮ್ಮ ಕಾಲಿಗೆ ಗೊತ್ತಾಗುತ್ತದೆಯೇ ಹೊರತು ಮೋಟಾರಿಗೆ ಗೊತ್ತಾಗುವುದಿಲ್ಲ. ಮಿಡ್-ಡ್ರೈವ್‌ನ ಸಂಗತಿ ಬೇರೆ. ಅದರಲ್ಲಿ ಮೋಟಾರ್ ಎರಡು ಪೆಡಲುಗಳ ನಡುವೆ, ಅವನ್ನು ಹಿಡಿದಿರುವ ಕ್ರ್ಯಾಂಕಿನ ಬಳಿ ಕುಳಿತಿರುತ್ತದೆ. ಅದರ ಬಲವೂ ಕಾಲಿನ ಬಲವೂ ಒಂದಾಗಿ ಮುಂದಿನ ಹಲ್ಲುಚಕ್ರ, ಚೈನು, ಹಿಂದಿನ ಹಲ್ಲುಚಕ್ರ ಎಂಬ ಒಂದೇ ದಾರಿಯಲ್ಲಿ ಸಾಗಿ ಹಿಂದಿನ ಗಾಲಿಯನ್ನು ಸೇರಬೇಕಾಗುತ್ತದೆ. ಜಪಾನಿನ ಯಮಹಾ ಕಂಪನಿ 1993ರಲ್ಲಿ ‘ಪಾಸ್’ ಎಂಬ ಪೆಡಲ್-ಸಹಾಯದ ಸೈಕಲ್ಲನ್ನು ಮಾರುಕಟ್ಟೆಗೆ ತಂದಾಗಿನಿಂದ ಇಂದಿನವರೆಗೆ ಸೆನ್ಸರ್, ಬ್ಯಾಟರಿ ಎಲ್ಲವೂ ಸುಧಾರಿಸಿದ್ದರೂ ಈ ದಾರಿ ಮಾತ್ರ ಬದಲಾಗಿಲ್ಲ. ಆದ್ದರಿಂದ ಮಿಡ್-ಡ್ರೈವ್‌ನಲ್ಲಿ ಗೇರ್ ಬದಲಿಸಿದಾಗ ಕಾಲಿನ ಜೊತೆಗೆ ಮೋಟಾರಿನ ಗೇರೂ ಬದಲಾಗುತ್ತದೆ. ಬದಲಿಸುವುದರಿಂದ ಪ್ರಯೋಜನವಿದೆಯೇ ಎಂದರೆ, ಖಂಡಿತ ಇದೆ. ಆದರೆ ಎಷ್ಟು ಸಲ ಬದಲಿಸುತ್ತೇವೆ ಎನ್ನುವುದಕ್ಕಿಂತ ಯಾವಾಗ ಬದಲಿಸುತ್ತೇವೆ ಎನ್ನುವುದೇ ಮುಖ್ಯ.

ಮಾತಿಗಿಂತ ಲೆಕ್ಕ ಸ್ಪಷ್ಟವಾಗಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೂ ಬೆಂಗಳೂರಿನಿಂದ ಬರುವ ಸೈಕಲ್ ಸವಾರರಿಗೂ ಚಿರಪರಿಚಿತವಾದ ನಂದಿಬೆಟ್ಟದ ರಸ್ತೆಯನ್ನೇ ತೆಗೆದುಕೊಳ್ಳೋಣ. ಬೆಟ್ಟದ ಎತ್ತರ 1,478 ಮೀಟರ್. ಬುಡದಿಂದ ಮೇಲಿನ ಬಾಗಿಲಿನವರೆಗೆ ಏಳೆಂಟು ಕಿಲೋಮೀಟರ್ ತಿರುವುಗಳ ದಾರಿ. ಸರಾಸರಿ ಏರು ಶೇ. 6ರ ಆಸುಪಾಸಿನಲ್ಲಿದ್ದರೂ ಕೊನೆಯ ಭಾಗ ಅದಕ್ಕಿಂತ ಕಡಿದಾಗಿದೆ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲವೂ ಸೇರಿ 100 ಕೆ.ಜಿ. ಎಂದುಕೊಂಡು, ಶೇ. 10ರಷ್ಟು ಏರಿರುವ ಒಂದು ತುಣುಕನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದೇವೆ ಎಂದು ಭಾವಿಸಿದರೆ, ಚಕ್ರಕ್ಕೆ ಬೇಕಾಗುವ ಶಕ್ತಿ ಸುಮಾರು 295 ವಾಟ್. ಗಾಲಿಯ ಸುತ್ತಳತೆ 2.2 ಮೀಟರ್ ಇದ್ದರೆ ಅದು ನಿಮಿಷಕ್ಕೆ 76 ಸುತ್ತು ತಿರುಗುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 42 ಹಲ್ಲುಗಳಿವೆ ಎಂದಿಟ್ಟುಕೊಳ್ಳಿ.

ಹಿಂದೆ ಚೈನು 34 ಹಲ್ಲಿನ ದೊಡ್ಡ ಚಕ್ರದ ಮೇಲಿದ್ದರೆ ಪೆಡಲು ನಿಮಿಷಕ್ಕೆ 61 ಸುತ್ತು ತಿರುಗುತ್ತದೆ ಮತ್ತು ಕ್ರ್ಯಾಂಕಿನ ಬಳಿ ಸುಮಾರು 46 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಾಕಾಗುತ್ತದೆ. ಅದೇ ಚೈನು 11 ಹಲ್ಲಿನ ಸಣ್ಣ ಚಕ್ರದ ಮೇಲಿದ್ದರೆ ಪೆಡಲು ತಿರುಗುವುದು ಕೇವಲ 20 ಸುತ್ತು, ಬೇಕಾಗುವ ಟಾರ್ಕ್ 141 ನ್ಯೂಟನ್-ಮೀಟರ್. ಬೆಟ್ಟ, ವೇಗ, ತೂಕ ಯಾವುದೂ ಬದಲಾಗಿಲ್ಲ; ಬದಲಾದದ್ದು ಹಿಂದಿನ ಹಲ್ಲುಚಕ್ರ ಮಾತ್ರ. ಸಾಮಾನ್ಯ ಮಿಡ್-ಡ್ರೈವ್ ಮೋಟಾರುಗಳ ಗರಿಷ್ಠ ಟಾರ್ಕ್ 40ರಿಂದ 85 ನ್ಯೂಟನ್-ಮೀಟರ್ ಇರುತ್ತದೆ. ಮೊದಲನೆಯ ಹೊರೆಯನ್ನು ಮೋಟಾರೂ ಕಾಲೂ ಹಂಚಿಕೊಂಡು ಆರಾಮವಾಗಿ ಹೊರುತ್ತವೆ. ಎರಡನೆಯದರಲ್ಲಿ 85ರ ಮೋಟಾರ್ ತನ್ನೆಲ್ಲ ಬಲ ಹಾಕಿದರೂ, ಪೆಡಲು ಅಷ್ಟು ನಿಧಾನವಾಗಿ ತಿರುಗುವಾಗ ಅದರಿಂದ ಹೊರಬರುವ ಶಕ್ತಿ 180 ವಾಟ್ ದಾಟುವುದಿಲ್ಲ. ಉಳಿದದ್ದನ್ನು ಕಾಲು ತುಂಬಬೇಕು. ಕಾಲು ಸೋತಾಗ ವೇಗ ಇಳಿಯುತ್ತದೆ, ವೇಗ ಇಳಿದಂತೆ ಮೋಟಾರಿನ ಶಕ್ತಿ ಇನ್ನಷ್ಟು ಕುಗ್ಗುತ್ತದೆ.

ಚೈನಿನ ಮೇಲಿನ ಎಳೆತವನ್ನೂ ಇದೇ ಲೆಕ್ಕದಿಂದ ತಿಳಿಯಬಹುದು. 34 ಹಲ್ಲಿನ ಚಕ್ರದಲ್ಲಿ ಚೈನು ಸುಮಾರು 55 ಕೆ.ಜಿ. ತೂಕವನ್ನು ನೇತುಹಾಕಿದಷ್ಟು ಬಿಗಿಯಾಗಿರುತ್ತದೆ; 11 ಹಲ್ಲಿನದರಲ್ಲಿ ಅದು 170 ಕೆ.ಜಿ.ಗೆ ಏರುತ್ತದೆ, ಅದೂ ಹಲ್ಲುಗಳ ಮೇಲೆ ಹರಡಿಕೊಳ್ಳಲು ಅರ್ಧಚಕ್ರಕ್ಕೆ ಐದಾರು ಹಲ್ಲುಗಳಷ್ಟೇ ಸಿಗುವ ಜಾಗದಲ್ಲಿ. ಮಿಡ್-ಡ್ರೈವ್ ಎಂದರೆ ಚೈನು ಬೇಗ ಸವೆಯುತ್ತದೆ ಎಂಬ ದೂರಿನ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೋಟಾರಿನ ಒಳಗೆ ನಡೆಯುವುದು ಇನ್ನೂ ಗಮನಿಸಬೇಕಾದದ್ದು. ವಿದ್ಯುತ್ ಮೋಟಾರಿನ ಟಾರ್ಕ್ ಅದರಲ್ಲಿ ಹರಿಯುವ ಕರೆಂಟಿಗೆ ಅನುಗುಣವಾಗಿರುತ್ತದೆ. ಸುರುಳಿಗಳಲ್ಲಿ ಹುಟ್ಟುವ ಶಾಖವಾದರೋ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ನಿಧಾನವಾಗಿ ತಿರುಗುತ್ತ ಹೆಚ್ಚು ಬಲ ಹಾಕುವ ಮೋಟಾರ್ ಬ್ಯಾಟರಿಯಿಂದ ಪಡೆದದ್ದರಲ್ಲಿ ದೊಡ್ಡ ಪಾಲನ್ನು ಬಿಸಿಯಾಗಿಯೇ ಕಳೆದುಕೊಳ್ಳುತ್ತದೆ. ಭಾರದ ಗೇರಿನಲ್ಲೇ ಏರಿಗೆ ಬಿಟ್ಟ ಮೋಟಾರುಬೈಕು ಗಡಗಡ ಸದ್ದು ಮಾಡಿ, ಕೊನೆಗೆ ನಿಂತುಹೋಗಿ ತನ್ನ ಸಂಕಟವನ್ನು ಹೇಳಿಕೊಳ್ಳುತ್ತದೆ. ವಿದ್ಯುತ್ ಮೋಟಾರ್ ಹಾಗೆ ದೂರುವುದಿಲ್ಲ. ಅದು ಸದ್ದಿಲ್ಲದೆ ಬಿಸಿಯಾಗುತ್ತದೆ, ತಾಪ ಮಿತಿ ಮೀರಿದಾಗ ಒಳ್ಳೆಯ ಮೋಟಾರಾದರೆ ತಾನೇ ಸಹಾಯವನ್ನು ತಗ್ಗಿಸಿಕೊಳ್ಳುತ್ತದೆ, ಅಂಥ ರಕ್ಷಣೆಯಿಲ್ಲದ, ಸಾಮಾನ್ಯ ಸೈಕಲ್ಲಿಗೆ ಜೋಡಿಸುವ ಅಗ್ಗದ ಮೋಟಾರ್ ಕಿಟ್ ಆದರೆ ಒಳಗಿನ ನೈಲಾನ್ ಗೇರೋ ಕಂಟ್ರೋಲರೋ ಕೈಕೊಡುತ್ತದೆ. ಹಾಗಾಗಿ ಗೇರ್ ಬದಲಿಸುವ ಕಾಲ ಬಂತೆಂದು ತಿಳಿಯಲು ಮೋಟಾರಿನ ಸದ್ದನ್ನು ನಂಬದೆ ಪೆಡಲಿನ ಗತಿಯನ್ನೇ ಗಮನಿಸಬೇಕು. ಹದಿನೈದು ಸೆಕೆಂಡುಗಳಲ್ಲಿ ಬಲಗಾಲು ಎಷ್ಟು ಸಲ ಕೆಳಗೆ ಬಂತೆಂದು ಎಣಿಸಿ: 15ರಿಂದ 20 ಸಲ ಬಂದರೆ ನಿಮಿಷಕ್ಕೆ 60ರಿಂದ 80 ಸುತ್ತು, ಅದು ಹೆಚ್ಚಿನ ಮಿಡ್-ಡ್ರೈವ್‌ಗಳಿಗೆ ಹಿತವಾದ ಗತಿ. 12ಕ್ಕಿಂತ ಕಡಿಮೆಯಾದರೆ ಹಗುರ ಗೇರಿಗೆ, ಎಂದರೆ ಹಿಂದಿನ ದೊಡ್ಡ ಹಲ್ಲುಚಕ್ರದ ಕಡೆಗೆ, ಇಳಿಯಬೇಕು. ಕೆಲವು ದಿನಗಳ ಮೇಲೆ ಎಣಿಸುವ ಅಗತ್ಯವೇ ಇರುವುದಿಲ್ಲ, ಕಾಲಿಗೇ ಅಭ್ಯಾಸವಾಗುತ್ತದೆ.

ಬ್ಯಾಟರಿ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ಪ್ರೇಕ್ಷೆಯಿಲ್ಲದೆ ಉತ್ತರಿಸಬೇಕು. 100 ಕೆ.ಜಿ. ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 27 ವಾಟ್-ಗಂಟೆ ಬೇಕು. 500 ಮೀಟರಿಗೆ 136. ಅದರಲ್ಲಿ ಅರ್ಧದಷ್ಟು ಕೆಲಸ ಮೋಟಾರಿನದು ಎಂದಾದರೆ, ಶೇ. 80ರ ದಕ್ಷತೆಯಲ್ಲಿ ಬ್ಯಾಟರಿಯಿಂದ 85 ವಾಟ್-ಗಂಟೆ ಖರ್ಚಾಗುತ್ತದೆ, ಶೇ. 60ರ ದಕ್ಷತೆಗೆ ಕುಸಿದರೆ 113. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಒಟ್ಟು ಇರುವುದು 360. ಉಳಿತಾಯ ನಿಜ, ಆದರೆ ಅಚ್ಚರಿಪಡುವಷ್ಟಲ್ಲ. ಗೇರ್ ಬದಲಿಸುವುದರ ದೊಡ್ಡ ಲಾಭವಿರುವುದು ಮೋಟಾರಿನ ತಂಪು, ಚೈನಿನ ಆಯುಸ್ಸು ಮತ್ತು ಏರಿನ ನಡುವೆ ನಿಲ್ಲದೆ ಸಾಗುವ ಭರವಸೆಯಲ್ಲಿ.

ಬದಲಿಸುವ ಕ್ರಮ

ಚೈನನ್ನು ಪಕ್ಕಕ್ಕೆ ಸರಿಸಿ ಬದಲಿಸುವ ಡಿರೇಲರ್ ಗೇರಿನಲ್ಲಿ ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹತ್ತುವಾಗ ಅದರ ಮೇಲೆ ಎಳೆತ ಕಡಿಮೆಯಿರಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಕಾಲನ್ನು ಸಡಿಲಿಸಿದರೆ ಸಾಕು; ಮಿಡ್-ಡ್ರೈವ್‌ನಲ್ಲಿ ಮೋಟಾರೂ ಸಡಿಲಾಗಬೇಕು, ಮತ್ತು ಅದು ನಿಮ್ಮ ಮೋಟಾರಿನ ಸೆನ್ಸರ್ ಯಾವುದು ಎಂಬುದನ್ನು ಅವಲಂಬಿಸಿದೆ. ತುಳಿತದ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್ ಇದ್ದರೆ, ಪೆಡಲನ್ನು ತಿರುಗಿಸುತ್ತಲೇ ಪಾದದ ಒತ್ತಡವನ್ನು ಅರ್ಧ ಸುತ್ತಿನಷ್ಟು ಕಾಲ ಹಗುರ ಮಾಡಿದರೆ ಮೋಟಾರೂ ಜೊತೆಯಲ್ಲೇ ಹಗುರಾಗುತ್ತದೆ. ಪೆಡಲು ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಅರಿಯುವ ಕೇಡೆನ್ಸ್ ಸೆನ್ಸರ್ ಇದ್ದರೆ ಈ ಉಪಾಯ ನಡೆಯದು, ಏಕೆಂದರೆ ಕಾಲು ಹಗುರಾದರೂ ಪೆಡಲು ತಿರುಗುತ್ತಿರುವವರೆಗೆ ಮೋಟಾರ್ ತಳ್ಳುತ್ತಲೇ ಇರುತ್ತದೆ. ಅಂಥ ಸೈಕಲ್ಲುಗಳಲ್ಲಿ ಬ್ರೇಕ್ ಲಿವರಿನೊಳಗೆ ಮೋಟಾರ್ ನಿಲ್ಲಿಸುವ ಸ್ವಿಚ್ ಇದ್ದರೆ, ಬ್ರೇಕ್ ಹಿಡಿಯುವ ಮೊದಲೇ ಸ್ವಿಚ್ ತಾಗುವಷ್ಟು ಮಾತ್ರ ಲಿವರನ್ನು ಎಳೆದು, ಪೆಡಲನ್ನು ಹಗುರವಾಗಿ ತಿರುಗಿಸುತ್ತ ಗೇರ್ ಹಾಕಿ, ಲಿವರ್ ಬಿಡಬೇಕು. ಗೇರ್ ಕೇಬಲ್ಲಿಗೆ ಜೋಡಿಸುವ ಸಣ್ಣ ಗೇರ್ ಸೆನ್ಸರ್ ಇದೇ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಕಿಟ್ ಹಾಕಿಸಿಕೊಳ್ಳುವವರು ದೊಡ್ಡ ಡಿಸ್‌ಪ್ಲೇಗೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಲೇಸು.

ಏರಿನ ನಡುವೆ, ಪೆಡಲು ನಿಂತೇಹೋಗುವ ಹಂತದಲ್ಲಿ ಗೇರ್ ಇಳಿಸಹೊರಟರೆ ಮೇಲಿನ ಯಾವ ಉಪಾಯವೂ ಕೈಹಿಡಿಯುವುದಿಲ್ಲ. ಒತ್ತಡ ತೆಗೆದ ಕ್ಷಣವೇ ಸೈಕಲ್ ನಿಲ್ಲುತ್ತದೆ. ನಂದಿಯ ಚೂಪು ತಿರುವುಗಳಲ್ಲಿ ಒಳಬದಿ ಹೊರಬದಿಗಿಂತ ಕಡಿದಾಗಿರುತ್ತದೆ. ಎಡಕ್ಕೆ ತಿರುಗುವ ರಸ್ತೆಯಲ್ಲಿ ನಮ್ಮ ಪಾಲಿಗೆ ಬರುವುದು ಒಳಬದಿಯೇ ಆದ್ದರಿಂದ, ತಿರುವು ಕಣ್ಣಿಗೆ ಬಿದ್ದೊಡನೆ, ವೇಗ ಇನ್ನೂ ಇರುವಾಗಲೇ ಒಂದು ಗೇರ್ ಇಳಿಸಿಕೊಳ್ಳಬೇಕು. ಒಂದೇ ಸಲಕ್ಕೆ ಮೂರು ಗೇರ್ ಹಾರಿಸದೆ ಒಂದೊಂದಾಗಿ ಇಳಿಸಿದರೆ ಚೈನು ಕಳಚುವ ಭಯವಿಲ್ಲ.

ಬೆಟ್ಟಕ್ಕೆ ಹೋಗದವರಿಗೆ ಇದಕ್ಕಿಂತ ಮುಖ್ಯವಾದದ್ದು ನಿಲ್ಲುವ ಮುನ್ನ ಗೇರ್ ಇಳಿಸುವ ಅಭ್ಯಾಸ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಯ ಕಡೆಗೆ ಹೋಗುವ ದಾರಿಯಲ್ಲಿ ಬೆಟ್ಟದ ಏರಿಲ್ಲ, ಆದರೆ ಊರಿಗೊಂದೆರಡರಂತೆ ಹಂಪುಗಳಿವೆ. ಪ್ರತಿ ಹಂಪಿನ ಬಳಿಯೂ ವೇಗ ನಡಿಗೆಯಷ್ಟಕ್ಕೆ ಇಳಿದು ಮತ್ತೆ ಶುರುವಾಗಬೇಕು. ನಿಂತ ಸೈಕಲ್ಲಿನಲ್ಲಿ ಡಿರೇಲರ್ ಗೇರ್ ಬದಲಾಗುವುದಿಲ್ಲ; ಆದ್ದರಿಂದ ಬ್ರೇಕ್ ಹಿಡಿಯುವ ಮೊದಲೇ, ಪೆಡಲು ತಿರುಗುತ್ತಿರುವಾಗಲೇ ಎರಡು ಮೂರು ಗೇರ್ ಇಳಿಸಿರಬೇಕು. ಹಿಂದೆ ಹಾಲಿನ ಕ್ಯಾನೋ ಮಾರುಕಟ್ಟೆಗೆ ಒಯ್ಯುವ ಹೂವಿನ ಮೂಟೆಯೋ ಇದ್ದರಂತೂ ಇದನ್ನು ತಪ್ಪಿಸುವಂತಿಲ್ಲ. ಭಾರದ ಗೇರಿನಲ್ಲಿ ನಿಂತು ಥ್ರಾಟಲ್ ತಿರುಗಿಸಿ ಹೊರಡುವುದು ಮಿಡ್-ಡ್ರೈವ್‌ಗೆ ನಾವು ಕೊಡಬಹುದಾದ ಅತಿ ದೊಡ್ಡ ಏಟು: ಆಗ ಮೋಟಾರಿನ ಪೂರ್ತಿ ಟಾರ್ಕ್ ಒಂದೇ ಜರ್ಕಿನಲ್ಲಿ ಚೈನಿನ ಮೇಲೆ ಬೀಳುತ್ತದೆ.

ಏರು ಬಂದೊಡನೆ ಗೇರಿನ ಬದಲು ಸಹಾಯದ ಮಟ್ಟವನ್ನು ಏರಿಸುವುದು ತುಂಬ ಸಾಮಾನ್ಯವಾದ ರೂಢಿ. ಗುಂಡಿ ಒತ್ತುವುದು ಸುಲಭ, ಫಲವೂ ತಕ್ಷಣ ಸಿಗುತ್ತದೆ. ಆದರೆ ಭಾರದ ಗೇರಿನಲ್ಲಿ ಸಹಾಯ ಹೆಚ್ಚಿಸುವುದೆಂದರೆ ಮೇಲೆ ಲೆಕ್ಕ ಹಾಕಿದ ಕರೆಂಟನ್ನೂ ಶಾಖವನ್ನೂ ಹೆಚ್ಚಿಸುವುದೇ. ಮೊದಲು ಗೇರ್ ಇಳಿಸಿ, ಪೆಡಲಿನ ಗತಿ 60ಕ್ಕೆ ಬಂದ ಮೇಲೂ ಕಾಲಿಗೆ ಭಾರವೆನಿಸಿದರೆ ಆಗ ಸಹಾಯ ಹೆಚ್ಚಿಸಿಕೊಳ್ಳಿ.

ಯಾವಾಗ ಬದಲಿಸದಿದ್ದರೂ ನಡೆಯುತ್ತದೆ

ಸಮತಟ್ಟಾದ ರಸ್ತೆಯಲ್ಲಿ ಗೇರಿಗಾಗಿ ತಲೆಕೆಡಿಸಿಕೊಳ್ಳುವುದು ಬೇಡ. ನಮ್ಮ ದೇಶದ ನಿಯಮದಂತೆ ನೋಂದಣಿ, ಲೈಸೆನ್ಸ್ ಬೇಡದ ಪೆಡಲ್-ಸಹಾಯದ ಸೈಕಲ್ಲಿನ ಮೋಟಾರ್ 250 ವಾಟ್ ಮಿತಿಯೊಳಗಿದ್ದು, ವೇಗ ಗಂಟೆಗೆ 25 ಕಿ.ಮೀ. ಮುಟ್ಟುವಾಗ ಸಹಾಯ ನಿಲ್ಲಬೇಕು. ಆ ವೇಗದಲ್ಲಿ ನಿಮಿಷಕ್ಕೆ 70 ಸುತ್ತು ತುಳಿಯಲು ಮುಂದೆ 42 ಹಲ್ಲಿದ್ದರೆ ಹಿಂದೆ 15 ಅಥವಾ 16 ಹಲ್ಲಿನ ಚಕ್ರ ಸಾಕು. 11 ಹಲ್ಲಿನದರಲ್ಲಿ ಅದೇ ವೇಗಕ್ಕೆ ಪೆಡಲು 50 ಸುತ್ತನ್ನೂ ಮುಟ್ಟುವುದಿಲ್ಲ. ಎಂದರೆ ಆ ಗೇರ್ ಇಳಿಜಾರಿಗಷ್ಟೇ ಹೊರತು ಮೋಟಾರಿನ ಕೆಲಸಕ್ಕೆ ಬರುವಂಥದ್ದಲ್ಲ. ಮನೆಯಿಂದ ಪೇಟೆಗೆ ಹೋಗಿಬರುವವರು ಹೊರಡಲು ಒಂದು, ಸಾಗಲು ಒಂದು, ಸಣ್ಣ ಏರಿಗೆ ಒಂದು ಎಂದು ಮೂರು ಗೇರುಗಳಲ್ಲೇ ಕಾಲ ಕಳೆಯಬಹುದು. ನನ್ನ ದೃಷ್ಟಿಯಲ್ಲಿ ಹನ್ನೆರಡು ಗೇರಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಇಲ್ಲಿಯ ರಸ್ತೆಗಳಿಗೆ ಆಡಂಬರವೇ ಸರಿ. ಎಂಟು ಅಥವಾ ಒಂಬತ್ತು ಗೇರಿದ್ದು, ದೊಡ್ಡ ಹಲ್ಲುಚಕ್ರ 34 ಅಥವಾ 36 ಇದ್ದರೆ ಹೆಚ್ಚು ಬಾಳಿಕೆ ಬರುತ್ತದೆ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ.

ಗೇರಿನ ಗೊಡವೆಯೇ ಬೇಡ ಎನ್ನುವವರು ಮಿಡ್-ಡ್ರೈವ್‌ಗೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಹಬ್ ಮೋಟಾರೇ ಒಳ್ಳೆಯದು. ಮಿಡ್-ಡ್ರೈವ್ ಬೇಕೇ ಬೇಕು, ಆದರೆ ನಿಂತಲ್ಲೇ ಗೇರ್ ಬದಲಿಸುವ ಅನುಕೂಲವಿರಬೇಕು ಎನ್ನುವವರು ಚಕ್ರದ ಹಬ್‌ನೊಳಗೇ ಗೇರ್‌ಗಳಿರುವ ಮಾದರಿಯನ್ನು ನೋಡಬಹುದು. ಆ ಹಬ್ ಎಷ್ಟು ಟಾರ್ಕ್ ತಡೆದುಕೊಳ್ಳುತ್ತದೆ ಎಂದು ತಯಾರಕರು ಸೂಚಿಸಿರುವುದನ್ನು ಓದಿಕೊಂಡೇ ಕೊಳ್ಳಬೇಕು.

ಇಳಿಯುವಾಗ ಗೇರಿನ ಪಾತ್ರ ಚಿಕ್ಕದು. ಹೆಚ್ಚಿನ ಮಿಡ್-ಡ್ರೈವ್‌ಗಳಲ್ಲಿ ಹಿಂದಿನ ಚಕ್ರ ಫ್ರೀವೀಲ್ (ತುಳಿಯದಿದ್ದಾಗಲೂ ತಾನೇ ತಿರುಗುವಂಥದ್ದು) ಆಗಿರುವುದರಿಂದ ಮೋಟಾರ್ ವೇಗವನ್ನು ತಡೆಯುವುದೂ ಇಲ್ಲ, ಬ್ಯಾಟರಿ ತುಂಬುವುದೂ ಇಲ್ಲ, ಬ್ರೇಕನ್ನೇ ನಂಬಬೇಕು.

ಉಳಿದದ್ದು ಚೈನಿನ ಆರೈಕೆ. ಕ್ವಾರಿಗಳ ಕಲ್ಲುಪುಡಿಯೂ ಕೆಮ್ಮಣ್ಣಿನ ಧೂಳೂ ಎಣ್ಣೆಯೊಡನೆ ಬೆರೆತರೆ ಅರೆಯುವ ಪೇಸ್ಟಿನಂತೆ ಕೆಲಸ ಮಾಡುತ್ತವೆ. ಆದ್ದರಿಂದ ಚೈನನ್ನು ಬಟ್ಟೆಯಿಂದ ಒರೆಸಿ, ಪ್ರತಿ ರೋಲರಿಗೆ ಒಂದು ಹನಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತಿನ ಬಳಿಕ ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಬೇಕು. ಸವೆತವನ್ನು ಅಳೆಯಲು ಉಕ್ಕಿನ ಸ್ಕೇಲ್ ಸಾಕು: ಚೈನನ್ನು ಬಿಗಿಯಾಗಿ ಹಿಡಿದಾಗ 24 ಕೊಂಡಿಗಳ ಪಿನ್ನಿನಿಂದ ಪಿನ್ನಿಗೆ ಹೊಸದರಲ್ಲಿ 304.8 ಮಿಲಿಮೀಟರ್ ಇರುತ್ತದೆ. ಹನ್ನೊಂದು, ಹನ್ನೆರಡು ಗೇರಿನ ತೆಳು ಚೈನು 306.3ಕ್ಕೆ ಬಂದಾಗ, ಹತ್ತು ಗೇರಿನವರೆಗಿನದು 307 ಮುಟ್ಟಿದಾಗ ಬದಲಿಸುವುದು ವಾಡಿಕೆ. ಹೊಸ ಚೈನು ಹಾಕಿದ ಮೇಲೆ ಒತ್ತಿ ತುಳಿದಾಗ ಒಂದೆರಡು ಗೇರುಗಳಲ್ಲಿ ಮಾತ್ರ ಅದು ಹಾರತೊಡಗಿದರೆ, ಅತಿ ಹೆಚ್ಚು ಬಳಕೆಯಾದ ಆ ಹಲ್ಲುಚಕ್ರಗಳು ಸವೆದಿವೆ ಎಂದರ್ಥ. ಕೆಲವು ಕ್ಯಾಸೆಟ್ಟುಗಳಲ್ಲಿ ಸಣ್ಣ ಹಲ್ಲುಚಕ್ರಗಳನ್ನು ಬಿಡಿಯಾಗಿ ಬದಲಿಸಲು ಬರುತ್ತದೆ, ಉಳಿದವುಗಳಲ್ಲಿ ಇಡೀ ಕ್ಯಾಸೆಟ್ಟನ್ನೇ ಹೊಸದಾಗಿ ಹಾಕಬೇಕಾಗುತ್ತದೆ.