ಶಾಲೆಗೆ ಹೋದ ದಾರಿ: ಸಾಲ್ಟೇರ್‌ನ ಬಾಲ್ಯಗಳನ್ನು ಕೇಳಿ ಬರೆದಿಟ್ಟ ನನ್ನ ಅನುಭವ

1939ರ ಸೆಪ್ಟೆಂಬರ್ 29ರಂದು ಬ್ರಿಟನ್ನಿನ ಮನೆಮನೆಯಲ್ಲೂ ಯಾರ್ಯಾರಿದ್ದಾರೆ ಎಂದು ಸರ್ಕಾರ ಬರೆಸಿತು. ಯುದ್ಧ ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ. ಗುರುತಿನ ಚೀಟಿ, ರೇಷನ್ ಪುಸ್ತಕ ಹಂಚಲು ಆ ಪಟ್ಟಿ ಬೇಕಾಗಿತ್ತು. ಇವತ್ತು ಅದನ್ನು ಕಂಪ್ಯೂಟರಿನಲ್ಲಿ ತೆರೆದರೆ ಮನೆಯ ಯಜಮಾನ, ಹೆಂಡತಿ, ಅಜ್ಜಿ ಸಿಗುತ್ತಾರೆ. ಅವರ ಹುಟ್ಟಿದ ದಿನ, ಕಸುಬು ಎಲ್ಲವೂ ಇದೆ. ಅದರ ಕೆಳಗಿನ ಸಾಲುಗಳ ಮೇಲೆ ಕಪ್ಪು ಪಟ್ಟಿ. ಹುಟ್ಟಿ ನೂರು ವರ್ಷವಾಗದವರ ವಿವರವನ್ನು, ಅವರು ತೀರಿಕೊಂಡಿದ್ದು ಖಚಿತವಾಗುವ ತನಕ, ಹಾಗೆ ಮುಚ್ಚಿಡುತ್ತಾರೆ. ಅಂದರೆ ಆ ಮನೆಯ ಮಕ್ಕಳು ಕಾಣುವುದಿಲ್ಲ.

ಜನಗಣತಿ ನೋಡೋಣವೆಂದರೆ 1921ರದ್ದೇ ಕೊನೆ, ಅದು ತೆರೆದದ್ದು 2022ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. 1951ರದ್ದು ನೂರು ವರ್ಷ ಮುಚ್ಚಿಯೇ ಇರುತ್ತದೆ. ಹೀಗಾಗಿ 1920ರ ದಶಕದಿಂದ ಈಚೆಗೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಬಗ್ಗೆ ತಿಳಿಯಬೇಕಾದರೆ ಆ ಮಕ್ಕಳನ್ನೇ ಕೇಳಬೇಕು. ಅವರಿಗೀಗ ಎಂಬತ್ತು, ತೊಂಬತ್ತು. ಅವರ ಬಾಲ್ಯವನ್ನು ಕೇಳಿ ಬರೆದಿಡುವ ಕೆಲಸಕ್ಕೆ ನಾನು ಇಳಿದದ್ದು ಈ ಕಾರಣಕ್ಕೆ.

ನಾನಿರುವುದು ಯಾರ್ಕ್‌ಷೈರಿನ ಬ್ರಾಡ್‌ಫರ್ಡ್ ಪಕ್ಕದ ಶಿಪ್ಲಿಯಲ್ಲಿ. ಏರ್ ನದಿಯ ದಂಡೆ ಹಿಡಿದು ಸ್ವಲ್ಪ ನಡೆದರೆ ಸಾಲ್ಟೇರ್. ಉಣ್ಣೆ ವ್ಯಾಪಾರಿ ಟೈಟಸ್ ಸಾಲ್ಟ್ ಬ್ರಾಡ್‌ಫರ್ಡ್‌ನ ಹೊಗೆಯಿಂದ ದೂರ ಕಟ್ಟಿಸಿದ ಗಿರಣಿ ಊರು ಅದು. ಗಿರಣಿ ಶುರುವಾದದ್ದು 1853ರಲ್ಲಿ, ಅವನ ಐವತ್ತನೇ ಹುಟ್ಟುಹಬ್ಬದ ದಿನ. ಸುತ್ತ ಎಂಟು ನೂರಕ್ಕೂ ಹೆಚ್ಚು ಮನೆ, ಶಾಲೆ, ಚರ್ಚು, ವೃದ್ಧರಿಗೆ ವಸತಿ, ಆಡಲು ಪಾರ್ಕು ಎಲ್ಲ ಕಟ್ಟಿಸಿದ. ಹೆಂಡದಂಗಡಿಗೆ ಮಾತ್ರ ಜಾಗ ಕೊಡಲಿಲ್ಲ. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು: ಕ್ಯಾರೊಲೈನ್, ಅಮೀಲಿಯಾ, ಹೆಲೆನ್, ಏಡಾ. 1933ರಲ್ಲಿ ಮನೆಗಳನ್ನೆಲ್ಲ ಒಂದು ಕಂಪನಿಗೆ ಮಾರಿದರು. 1986ರಲ್ಲಿ ಗಿರಣಿಯೂ ನಿಂತಿತು. 2001ರಲ್ಲಿ ಊರು ಯುನೆಸ್ಕೋ ಪಟ್ಟಿ ಸೇರಿತು. ಇಷ್ಟನ್ನು ಊರಿಗೆ ಬರುವ ಪ್ರವಾಸಿಗರೆಲ್ಲ ಓದಿರುತ್ತಾರೆ. ಈ ಕಥೆಯಲ್ಲಿ ಸಾಲ್ಟ್ ಇದ್ದಾನೆ, ಅವನ ಮಕ್ಕಳಿದ್ದಾರೆ, ಏಡಾ ಬೀದಿಯಲ್ಲಿ ಬುಗುರಿ ಆಡಿದ ಮಕ್ಕಳಿಲ್ಲ.

ನಾನು ದಾವಣಗೆರೆಯವಳು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡ ಊರು ಅದು. ಹಾಗಾಗಿ ಇಲ್ಲಿನ ಒಬ್ಬ ಹಿರಿಯರು ಬೆಳಗಿನ ಸೈರನ್ ಕೂಗಿದ ಮೇಲೆ ಬೀದಿಯ ಸದ್ದು ಹೇಗಿರುತ್ತಿತ್ತು ಎಂದು ವಿವರಿಸಲು ಹೊರಟಾಗ, ಆ ಸದ್ದನ್ನು ನಾನು ಊಹಿಸಿಕೊಳ್ಳಬೇಕಾಗಿರಲಿಲ್ಲ.

ನನ್ನ ವಿಧಾನ ಬಹಳ ಸರಳ. ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಬರುವುದು ಹತ್ತು ಕಡೆ ಹೇಳಿ ಹೇಳಿ ನಯವಾದ ಕಥೆ: ಬಡತನವಿತ್ತು, ಆದರೆ ಸಂತೋಷವಿತ್ತು, ಯಾರೂ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಅದು ಸುಳ್ಳಲ್ಲ. ಆದರೆ ಅದು ಯಾವ ಊರಿಗೂ ಹೊಂದುವ ಮಾತು. ಅದರ ಬದಲು ಆರ್ಡ್‌ನನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ಹಳೆಯ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಮೇಜಿನ ಮೇಲೆ ಹಾಸುತ್ತೇನೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇಂಥ ನಕ್ಷೆಗಳನ್ನು ಉಚಿತವಾಗಿ ಆನ್‌ಲೈನಿನಲ್ಲಿ ಇಟ್ಟಿದೆ. ಇಂಗ್ಲೆಂಡಿನವೂ ಅಲ್ಲಿವೆ, ಒಂದೊಂದು ಮನೆಯ ಗೋಡೆ ಕಾಣುವಷ್ಟು ವಿವರವಾಗಿವೆ. ಆಮೇಲೆ ಒಂದೇ ಪ್ರಶ್ನೆ: ‘ಮನೆ ಬಾಗಿಲಿನಿಂದ ಶಾಲೆಗೆ ಯಾವ ದಾರಿ ಹಿಡಿಯುತ್ತಿದ್ದಿರಿ?’

ಬೆರಳು ನಕ್ಷೆಯ ಮೇಲೆ ಓಡತೊಡಗಿದರೆ ಸಾಕು. ‘ಹಿಂಬಾಗಿಲಿನಿಂದ ಹೊರಡುತ್ತಿದ್ದೆ’ ಎನ್ನುತ್ತಾರೆ. ಯಾಕೆ ಹಿಂಬಾಗಿಲು? ಮುಂಬಾಗಿಲಿನ ಮೆಟ್ಟಿಲನ್ನು ಅಮ್ಮ ಆಗಷ್ಟೇ ತಿಕ್ಕಿರುತ್ತಿದ್ದಳು. ಡಾಂಕಿ ಸ್ಟೋನ್ ಎಂಬ ಮೆದುಕಲ್ಲಿನಿಂದ ಮೆಟ್ಟಿಲಿನ ಅಂಚಿಗೆ ಬಿಳಿ ಅಥವಾ ಹಳದಿ ಗೆರೆ ಎಳೆಯುವುದು ಇಲ್ಲಿನ ಹೆಂಗಸರ ನಿತ್ಯದ ಮರ್ಯಾದೆಯ ಕೆಲಸವಾಗಿತ್ತು. ಹರಕು ಬಟ್ಟೆ ಕೊಟ್ಟರೆ ಹಳೆ ಸಾಮಾನಿನವನು ಬದಲಿಗೆ ಆ ಕಲ್ಲು ಕೊಡುತ್ತಿದ್ದ. ಹೊಸಿಲು ಸಾರಿಸಿ ರಂಗೋಲಿ ಹಾಕುವುದನ್ನು ನೋಡುತ್ತ ಬೆಳೆದ ನನಗೆ ಆ ಮೆಟ್ಟಿಲನ್ನು ತುಳಿಯಬಾರದೆಂಬ ಭಯ ಪೂರ್ತಿ ಅರ್ಥವಾಯಿತು. ಮೆಟ್ಟಿಲಿನ ಬಗ್ಗೆ ನೇರವಾಗಿ ಕೇಳಿದ್ದರೆ ‘ಹೌದು, ತಿಕ್ಕುತ್ತಿದ್ದರು’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ದಾರಿ ಕೇಳಿದ್ದಕ್ಕೆ ಅಮ್ಮ ಮಂಡಿಯೂರಿದ ಭಂಗಿ, ಅವಳ ಬೈಗುಳ, ಹಿತ್ತಲಿನ ಕಕ್ಕಸಿನ ಚಳಿ ಎಲ್ಲವೂ ಜೊತೆಗೆ ಬಂದವು.

ಬೆರಳು ಮುಂದೆ ಹೋಗುತ್ತದೆ. ಶಿಪ್ಲಿಯಲ್ಲಿ ಏರ್ ನದಿ ಸೇರುವ ಬ್ರಾಡ್‌ಫರ್ಡ್ ಬೆಕ್ ಎಂಬ ಹಳ್ಳದ ನೀರು ಒಂದು ದಿನ ನೀಲಿ, ಇನ್ನೊಂದು ದಿನ ಕೆಂಪು. ಗಿರಣಿಗಳಲ್ಲಿ ಅವತ್ತು ಯಾವ ಬಣ್ಣ ಕಾಯಿಸಿದ್ದಾರೆಂದು ಮಕ್ಕಳು ಅದನ್ನು ನೋಡಿಯೇ ಹೇಳುತ್ತಿದ್ದರಂತೆ. ಗಾಳಿ ತಿರುಗಿದರೆ ಎಸ್ಹೋಲ್ಟ್ ಕಡೆಯಿಂದ ಉಣ್ಣೆ ಜಿಡ್ಡಿನ ವಾಸನೆ. ನಗರದ ಕೊಳಚೆಯಿಂದ ಆ ಜಿಡ್ಡನ್ನು ತೆಗೆದು ಮಾರುತ್ತಿದ್ದ ಸ್ಥಾವರ ಅಲ್ಲಿತ್ತು. ಸಾಲ್ಟೇರ್‌ನ ವಿಕ್ಟೋರಿಯಾ ರಸ್ತೆಗೆ ಬಂದರೆ ಶಾಲೆಯ ಮುಂದೆ ಎರಡು, ಎದುರಿಗೆ ಎರಡು, ಹೀಗೆ ನಾಲ್ಕು ಕಲ್ಲಿನ ಸಿಂಹ. ಅವುಗಳಿಗೆ ಯುದ್ಧ, ಶಾಂತಿ, ಎಚ್ಚರ, ದೃಢತೆ ಎಂದು ಹೆಸರು. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆಂದು ಕೆತ್ತಿದವು ಇಲ್ಲಿಗೆ ಬಂದವು ಎಂಬ ಮಾತು ಊರಲ್ಲಿ ಇಂದಿಗೂ ಓಡಾಡುತ್ತದೆ. ಮಕ್ಕಳಿಗೆ ಅದೆಲ್ಲ ಬೇಕಿರಲಿಲ್ಲ, ಯಾವ ಸಿಂಹದ ಬೆನ್ನು ಹತ್ತಲು ಸುಲಭ ಎಂಬುದಷ್ಟೇ ಬೇಕಿತ್ತು. ಆ ವಿಷಯದಲ್ಲಿ ನಾನು ಕೇಳಿದವರೆಲ್ಲರದೂ ಒಂದೇ ಉತ್ತರ!

ನೇರ ದಾರಿ ಬಿಟ್ಟು ಸುತ್ತಿ ಹೋದ ಕಡೆ ನಾನು ಪೆನ್ಸಿಲಿನಿಂದ ಗುರುತು ಮಾಡುತ್ತೇನೆ. ಸುತ್ತು ಹಾಕಿದ್ದಕ್ಕೆ ಯಾವಾಗಲೂ ಕಾರಣವಿರುತ್ತದೆ. ನಾಯಿ ಇರಬಹುದು, ಸಾಲ ಉಳಿಸಿದ ಅಂಗಡಿ ಇರಬಹುದು, ಬೇರೆ ಬೀದಿಯ ಹುಡುಗರಿರಬಹುದು. ನವೆಂಬರ್ 5ರ ಗೈ ಫಾಕ್ಸ್ ಹಬ್ಬದ ರಾತ್ರಿ ಹೊತ್ತಿಸುವ ದೊಡ್ಡ ಬೆಂಕಿಗೆ ಕಟ್ಟಿಗೆ ಕೂಡಿಡುವುದಕ್ಕೆ ಇಲ್ಲಿ ಚಂಪಿಂಗ್ ಎನ್ನುತ್ತಾರೆ. ಅಕ್ಟೋಬರ್ ಬಂತೆಂದರೆ ಒಂದು ಬೀದಿಯ ಮಕ್ಕಳು ಇನ್ನೊಂದು ಬೀದಿಯ ರಾಶಿಯಿಂದ ಕಟ್ಟಿಗೆ ಕದಿಯುವುದು, ತಮ್ಮದಕ್ಕೆ ಕಾವಲು ಕೂರುವುದು. ಆ ತಿಂಗಳಲ್ಲಿ ಶಾಲೆಯ ದಾರಿಯೇ ಬದಲಾಗುತ್ತಿತ್ತು. ಯಾವ ನಕ್ಷೆಯಲ್ಲೂ ಇಲ್ಲದ ಗಡಿಗಳು ಹೀಗೆ ನನ್ನ ಹಾಳೆಯ ಮೇಲೆ ಮೂಡಿವೆ.

ಹನ್ನೊಂದನೇ ವಯಸ್ಸಿಗೆ ದಾರಿ ಕವಲೊಡೆಯುತ್ತದೆ. 1944ರ ಶಿಕ್ಷಣ ಕಾಯ್ದೆ ಬಂದ ಮೇಲೆ ಪ್ರಾಥಮಿಕ ಶಾಲೆಯ ಕೊನೆಗೆ ಒಂದು ಪರೀಕ್ಷೆ. ಪಾಸಾದವರು ಹೆಚ್ಚಿನ ಓದಿಗೆ ಸಿದ್ಧಗೊಳಿಸುವ ಗ್ರಾಮರ್ ಶಾಲೆಗೆ, ಉಳಿದವರು ಸಾಮಾನ್ಯ ಓದಿನ ಸೆಕೆಂಡರಿ ಮಾಡರ್ನ್ ಶಾಲೆಗೆ. ನಕ್ಷೆಯ ಈ ಜಾಗಕ್ಕೆ ಬಂದಾಗ ಅನೇಕರ ಬೆರಳು ನಿಂತುಬಿಡುತ್ತದೆ. ಅಲ್ಲಿಯ ತನಕ ಅಕ್ಕ ತಂಗಿ, ಪಕ್ಕದ ಮನೆಯ ಗೆಳತಿ ಕೈಹಿಡಿದು ಹೋದ ದಾರಿ. ಅಂದಿನಿಂದ ಒಬ್ಬರು ಹೊಸ ಟೋಪಿ, ಬ್ಲೇಜರ್ ಹಾಕಿ ಬಸ್ಸಿಗೆ ನಿಲ್ಲುತ್ತಾರೆ, ಇನ್ನೊಬ್ಬರು ರಸ್ತೆಯ ಆಚೆ ಬದಿಯಲ್ಲಿ ನಡೆದು ಹೋಗುತ್ತಾರೆ. ಇಲ್ಲಿ ನಾನು ಅವಸರದಿಂದ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಒಬ್ಬ ಮಹಿಳೆ ಎಪ್ಪತ್ತು ವರ್ಷದ ಹಿಂದಿನ ಆ ಬೆಳಗಿನ ಬಗ್ಗೆ ಹೇಳಿ ಮುಗಿಸಿ, ತನ್ನ ತಮ್ಮನೊಡನೆ ಈ ಮಾತನ್ನು ಇವತ್ತಿನ ತನಕ ಆಡಿಲ್ಲ ಎಂದರು.

ಇಸವಿ ಕೇಳಬಾರದು. ಬಾಲ್ಯದ ನೆನಪಿಗೆ ಜಾಗ ಗಟ್ಟಿ, ಇಸವಿ ಸಡಿಲ. ಕಾಲ ಗೊತ್ತುಮಾಡಲು ನಾನು ಕೆಲವು ಗೂಟ ಹೊಡೆದುಕೊಂಡಿದ್ದೇನೆ. ಮಿಠಾಯಿಗೆ ಕೂಪನ್ ಕೊಡಬೇಕಾಗಿತ್ತೇ? ಹೌದಾದರೆ ಅದು 1953ರ ಫೆಬ್ರವರಿ 5ಕ್ಕಿಂತ ಮುಂಚೆ. ಶಾಲೆಯಲ್ಲಿ ಪುಟ್ಟ ಬಾಟಲಿಯಲ್ಲಿ ಹಾಲು ಪುಕ್ಕಟೆಯಾಗಿ ಸಿಗುತ್ತಿತ್ತೇ? 1946ರಿಂದ ಎಲ್ಲ ಮಕ್ಕಳಿಗೂ ಮೂರನೇ ಒಂದು ಪೈಂಟ್ ಹಾಲು ಸಿಗುತ್ತಿತ್ತು, 1971ರಲ್ಲಿ ಏಳು ವರ್ಷ ದಾಟಿದವರಿಗೆ ನಿಲ್ಲಿಸಿದರು. ಬಸ್ಸಿನ ದುಡ್ಡು ಹಳೆಯ ಪೆನ್ನಿಯೋ ಹೊಸದೋ? ಪೌಂಡಿಗೆ ನೂರು ಪೆನ್ನಿ ಎಂಬ ಹೊಸ ಲೆಕ್ಕ ಬಂದದ್ದು 1971ರ ಫೆಬ್ರವರಿ 15ರಂದು. ತಲೆಯ ಮೇಲಿನ ತಂತಿ ಹಿಡಿದು ಓಡುವ ಟ್ರಾಲಿಬಸ್ಸಿನಲ್ಲಿ ಹೋಗಿದ್ದರೆ ಅದು 1972ರ ಮಾರ್ಚ್ 26ರೊಳಗಿನ ಮಾತು. ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಕೊನೆಗೆ ಟ್ರಾಲಿಬಸ್ ನಿಂತ ಊರು ಬ್ರಾಡ್‌ಫರ್ಡ್. ಹಿಮದ ನೆನಪು ಬಂದರೆ ಮಾತ್ರ ಹುಷಾರಾಗಿರಬೇಕು. 1947ರ ಚಳಿಗಾಲವೂ 1962-63ರದ್ದೂ ಒಂದರೊಳಗೊಂದು ಬೆರೆತುಬಿಡುತ್ತವೆ. ಮನೆಯಲ್ಲಿ ಟಿವಿ ಇತ್ತೇ ಎಂದು ಕೇಳಿದರೆ ಹೆಚ್ಚಿನ ಸಲ ಬೇರ್ಪಡುತ್ತವೆ.

ಮನೆಗೆ ಬಂದ ಮೇಲೆ ಕಾಗದದ ಕೆಲಸ. 1862ರ ಶಿಕ್ಷಣ ನಿಯಮದಿಂದಾಗಿ ಸರ್ಕಾರದ ಅನುದಾನ ಪಡೆದ ಶಾಲೆಗಳ ಮುಖ್ಯೋಪಾಧ್ಯಾಯರು ಲಾಗ್ ಪುಸ್ತಕ ಬರೆಯಲೇಬೇಕಾಯಿತು. ಇಂಥ ಪುಸ್ತಕಗಳು ವೆಸ್ಟ್ ಯಾರ್ಕ್‌ಷೈರ್ ದಾಖಲಾಗಾರದ ಬ್ರಾಡ್‌ಫರ್ಡ್ ಶಾಖೆಯಂಥ ಕಡೆ ನೋಡಲು ಸಿಗುತ್ತವೆ. ಇತ್ತೀಚಿನವು ಮುಚ್ಚಿರುತ್ತವೆ. ದಡಾರ, ಗೈರುಹಾಜರಿ, ಇನ್‌ಸ್ಪೆಕ್ಟರ್ ಭೇಟಿ, ಒಲೆಗೆ ಕಲ್ಲಿದ್ದಲಿಲ್ಲ ಎಂಬ ದೂರು ಇಂಥ ಪುಸ್ತಕದಲ್ಲಿರುತ್ತದೆ. ಗಿರಣಿಯಲ್ಲಿ ಅರ್ಧ ದಿನ ದುಡಿದು ಉಳಿದರ್ಧ ಶಾಲೆಗೆ ಬಂದು ನಿದ್ದೆ ಹೋಗುತ್ತಿದ್ದ ಹಾಫ್‌ಟೈಮರ್ ಮಕ್ಕಳ ದಿನಚರಿಯೂ ಸಿಗುವುದು ಇಂಥಲ್ಲೇ. 1918ರ ಕಾಯ್ದೆ ಆ ಪದ್ಧತಿ ನಿಲ್ಲಿಸಿತು. ಅವರ ಬಾಯಿಂದ ಕೇಳಲು ಇನ್ನು ಯಾರೂ ಉಳಿದಿಲ್ಲ. ಅಂಗಡಿಗಳ ಜಾಗಕ್ಕೆ ಹಳೆಯ ವ್ಯಾಪಾರ ಡೈರೆಕ್ಟರಿ ನೋಡುತ್ತೇನೆ. ಕಾಗದವೂ ನೆನಪೂ ಹೊಂದದಿದ್ದರೆ ಎರಡನ್ನೂ ಹಾಗೇ ಬರೆದಿಡುತ್ತೇನೆ, ಒಂದನ್ನು ಒರೆಸುವ ಹಕ್ಕು ನನಗಿಲ್ಲ.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧ್ವನಿಯನ್ನು ಕುಗ್ಗಿಸದ ವೇವ್ ಫೈಲ್ ಇರಲಿ, ಕಾಲರಿಗೆ ಸಿಕ್ಕಿಸುವ ಮೈಕ್ ಇರಲಿ, ಗೋಡೆ ಗಡಿಯಾರದಿಂದ ದೂರ ಕೂರಿ. ಒಂದು ಮಾತು ಮಾತ್ರ ಮುಖ್ಯ. 1988ರ ಕಾಪಿರೈಟ್ ಕಾಯ್ದೆಯ ಪ್ರಕಾರ ಇಲ್ಲಿ ಆಡಿದ ಮಾತಿನ ಹಕ್ಕು ಆಡಿದವರದ್ದು, ರೆಕಾರ್ಡ್ ಮಾಡಿದವರದ್ದಲ್ಲ. ಮಾತು ಮುಗಿದ ಮೇಲೆ, ಏನು ಹೇಳಿದೆವೆಂದು ಅವರಿಗೆ ತಿಳಿದ ಮೇಲೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕು. ಯಾವ ಭಾಗ ಅವರು ಬದುಕಿರುವ ತನಕ ಹೊರಬರಬಾರದು ಎಂಬುದನ್ನೂ ಅದರಲ್ಲೇ ಬರೆಸುತ್ತೇನೆ.

ದಾರಿಯ ಪ್ರಶ್ನೆಗೆ ದಾರಿಯೇ ಉತ್ತರವಾಗದ ಒಂದು ಬಾಲ್ಯವೂ ಈ ಊರುಗಳಲ್ಲಿದೆ. ಎರಡನೇ ಯುದ್ಧ ಮುಗಿದ ಮೇಲೆ ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿಗಳ ರಾತ್ರಿ ಪಾಳಿಗೆ ಪಂಜಾಬಿನಿಂದ, ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರದಿಂದ ಜನ ಬಂದರು. ಮಂಗಲಾ ಅಣೆಕಟ್ಟಿನಲ್ಲಿ ಮೀರ್‌ಪುರದ ಹಳ್ಳಿಗಳು ಮುಳುಗಿದ ಮೇಲೆ ಇನ್ನಷ್ಟು ಜನ. ಹಿಂದೆಯೇ ಮಕ್ಕಳು ಬಂದರು. ಯಾವ ಶಾಲೆಯಲ್ಲೂ ವಲಸೆ ಮಕ್ಕಳು ಮೂರನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದೆಂದು ಶಿಕ್ಷಣ ಇಲಾಖೆ 1965ರಲ್ಲಿ ಸುತ್ತೋಲೆ ಕಳಿಸಿತು. ಬ್ರಾಡ್‌ಫರ್ಡ್ ಅಂಥ ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗಳಿಗೆ ಸಾಗಿಸಿತು. ಅದು ನಿಂತದ್ದು 1980ರಲ್ಲಿ. ಬಿಳಿಯರ ಮಕ್ಕಳನ್ನು ಈ ಕಡೆಗೆ ಸಾಗಿಸಲಿಲ್ಲ.

ಅವರ ಮುಂದೆ ನಕ್ಷೆ ಹಾಸಿದರೆ ಬೆರಳು ಮನೆಯಿಂದ ಬಸ್ ನಿಲ್ಲುವ ಮೂಲೆಗೆ ಬಂದು ನಿಲ್ಲುತ್ತದೆ. ಆಮೇಲೆ ಶಾಲೆಯ ಗೇಟು. ನಡುವಿನ ಊರು ಅವರಿಗೆ ಕಿಟಕಿಯಲ್ಲಿ ಕಂಡದ್ದಷ್ಟೇ. ಶಾಲೆ ಬಿಟ್ಟ ಮೇಲೆ ಆಡಲು ನಿಲ್ಲುವಂತಿಲ್ಲ, ಬಸ್ ಹೊರಟುಬಿಡುತ್ತದೆ. ಅಲ್ಲಿನ ಗೆಳೆಯರ ಮನೆ ಎಲ್ಲಿದೆಯೆಂದು ಗೊತ್ತಿಲ್ಲ. ಮಧ್ಯಾಹ್ನ ಜ್ವರ ಬಂದರೆ ಅಮ್ಮನಿಗೆ ಅಲ್ಲಿಗೆ ಬರಲು ದಾರಿ ತಿಳಿಯದು. ಹಾಗಾಗಿ ಇವರಿಗೆ ನಾನು ಬಸ್ಸಿನ ಒಳಗಿನ ನಕ್ಷೆ ಬರೆಯಲು ಹೇಳುತ್ತೇನೆ: ಯಾವ ಸೀಟು, ಪಕ್ಕದಲ್ಲಿ ಯಾರು, ಹಿಂದಿನ ಸಾಲು ಯಾರದು, ಯಾವ ಹಾಡು ಹಾಡುತ್ತಿದ್ದಿರಿ, ಇಳಿಯುವಾಗ ಹೊರಗೆ ಯಾರು ನಿಂತಿರುತ್ತಿದ್ದರು. ಬಸ್ಸಿನ ಮಾತು ಇಂಗ್ಲಿಷಿನಲ್ಲಿ ಬರುತ್ತದೆ. ಮನೆಯ ಮಾತಿಗೆ ಬಂದಾಗ ಕೆಲವರು ಉರ್ದುವಿಗೆ ಹೊರಳುತ್ತಾರೆ. ದಾವಣಗೆರೆಯಲ್ಲಿ ಅಕ್ಕಪಕ್ಕದ ಮನೆಗಳಿಂದ ಕಲಿತ ನನ್ನ ದಖನಿ ಉರ್ದು ಅಲ್ಲಿ ಕೈಹಿಡಿಯುತ್ತದೆ. ನಾನು ತಡೆಯುವುದಿಲ್ಲ, ರೆಕಾರ್ಡರ್ ಓಡುತ್ತಿರುತ್ತದೆ.

ಈ ಧ್ವನಿಗಳನ್ನು ‘ವಲಸಿಗರು’ ಎಂಬ ಬೇರೆ ಪೆಟ್ಟಿಗೆಗೆ ಹಾಕಬಾರದೆಂದು, ಈ ಬಾಲ್ಯಗಳನ್ನು ಕೂಡಿಡುವ ನಮ್ಮ ಗುಂಪಿನಲ್ಲಿ ಹಟ ಹಿಡಿದಿದ್ದೇನೆ. ಅದೇ ಗಿರಣಿ, ಅದೇ ಹಳ್ಳ, ಅದೇ ದಶಕ. ಮೆಟ್ಟಿಲು ದಾಟಲು ಹೆದರಿದ ಹುಡುಗಿಯ ದಾರಿಯನ್ನೂ ಬಸ್ಸಿನ ದಾರಿಯನ್ನೂ ಈಗ ಒಂದೇ ನಕ್ಷೆಯ ಮೇಲೆ ಬೇರೆ ಬೇರೆ ಬಣ್ಣದಲ್ಲಿ ಎಳೆಯುತ್ತಿದ್ದೇವೆ. ಬಸ್ಸುಗಳು ಯಾವ ರಸ್ತೆ ಹಿಡಿದವೆಂಬುದನ್ನು ಹತ್ತಿದವರಿಗಿಂತ ಓಡಿಸಿದವರು ಚೆನ್ನಾಗಿ ಹೇಳಿಯಾರು. ಅದಕ್ಕೇ ಆ ಕಾಲದ ಡ್ರೈವರುಗಳು, ಕಂಡಕ್ಟರುಗಳು ಯಾರಾದರೂ ಸಿಗುತ್ತಾರೆಯೇ ಎಂದು ಈ ಚಳಿಗಾಲ ಹುಡುಕಲು ಹೊರಟಿದ್ದೇನೆ.